ಒಂಬತ್ತು ಗಿನಿಯ ಮೂರು ಚಿತ್ರಗಳು: ಹಳೆಯ ರೇಖಾಚಿತ್ರದ ಒಡೆಯರನ್ನು ಹುಡುಕುವುದು ಹೇಗೆ?

2016ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾನ್‌ಕರ್ಡ್ ಊರಿನ ಒಂದು ಮನೆಯಲ್ಲಿ ಹಳೆಯ ಸಾಮಾನು ಮಾರಾಟಕ್ಕೆ ಇಟ್ಟಿದ್ದರು. ತೀರಿಕೊಂಡ ವಾಸ್ತುಶಿಲ್ಪಿಯೊಬ್ಬರ ಮನೆ ಅದು. ಅಲ್ಲಿ ಒಬ್ಬರು 30 ಡಾಲರ್ ಕೊಟ್ಟು ಒಂದು ಸಣ್ಣ ರೇಖಾಚಿತ್ರ ಕೊಂಡರು. ತಾಯಿ ಮೇರಿ, ತೊಡೆಯ ಮೇಲೆ ಮಗು, ಕೆಳಗೆ ಎ ಮತ್ತು ಡಿ ಅಕ್ಷರ ಸೇರಿಸಿದ ಸಹಿ. ಕೆಲವು ವರ್ಷ ಕಳೆದ ಮೇಲೆ ಪರಿಣತರು ಅದನ್ನು ನೋಡಿ, ಇದು ನಕಲಲ್ಲ, ಜರ್ಮನಿಯ ಹೆಸರಾಂತ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ತನ್ನ ಕೈಯಾರೆ 1503ರ ಸುಮಾರಿಗೆ ಬರೆದದ್ದು ಅಂದರು. ಅದರ ಬೆಲೆ ಕೋಟಿಗಟ್ಟಲೆ ಡಾಲರ್ ಆಗಬಹುದು ಅಂತ ಪತ್ರಿಕೆಗಳು ಬರೆದವು.

ಎಲ್ಲರೂ ಬೆಲೆಯ ಬಗ್ಗೆ ಮಾತಾಡಿದರು. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಆ ಹಾಳೆಯ ಒಡೆತನದ ಕಥೆ 1919ರ ತನಕ ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ, ಡ್ಯೂರರ್‌ನ ತನಕ, ನಾನೂರು ವರ್ಷ ಖಾಲಿ. ಯಾರ ಮನೆಯಲ್ಲಿತ್ತು, ಯಾರು ಯಾರಿಗೆ ಮಾರಿದರು, ಏನೂ ಇಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಒಂದು ಮಾತು ಯೋಚಿಸಿ. ಅದೇ ಹಾಳೆಯ ಕಥೆಯಲ್ಲಿ ನಾನೂರು ವರ್ಷವೂ ತುಂಬಿದ್ದು, 1933ರಿಂದ 1945ರವರೆಗಿನ, ಅಂದರೆ ನಾಜಿಗಳು ಯಹೂದಿಗಳ ಆಸ್ತಿ ಲೂಟಿ ಮಾಡಿದ ಕಾಲದ, ಹನ್ನೆರಡು ವರ್ಷ ಮಾತ್ರ ಖಾಲಿ ಇದ್ದಿದ್ದರೆ? ಆಗ ಯಾವ ದೊಡ್ಡ ಮ್ಯೂಸಿಯಮ್ಮೂ ಕಣ್ಣು ಮುಚ್ಚಿ ಅದನ್ನು ಕೊಳ್ಳುತ್ತಿರಲಿಲ್ಲ.

ಇಡೀ ವಿಷಯ ನಿಂತಿರುವುದು ಇದರ ಮೇಲೆಯೇ. ಖಾಲಿ ಎಷ್ಟು ಉದ್ದ ಅನ್ನುವುದಲ್ಲ, ಯಾವ ಕಾಲದ್ದು ಅನ್ನುವುದು ಮುಖ್ಯ.

ನಮ್ಮಲ್ಲಿ ಸೈಟ್ ಕೊಳ್ಳುವವರಿಗೆ ಇದು ಹೊಸ ವಿಚಾರ ಅಲ್ಲ. ಮೂಲಪತ್ರ ಕೇಳುತ್ತೇವೆ, ಮೂವತ್ತು ವರ್ಷದ ಇ.ಸಿ. ತೆಗೆಸುತ್ತೇವೆ, ಖಾತೆ ಯಾರ ಹೆಸರಲ್ಲಿದೆ ನೋಡುತ್ತೇವೆ, ಅಣ್ಣತಮ್ಮಂದಿರ ಪಾಲು ಆಗಿದೆಯಾ ವಿಚಾರಿಸುತ್ತೇವೆ. ಮಧ್ಯೆ ಒಂದು ಕೊಂಡಿ ತಪ್ಪಿದ್ದರೆ ವಕೀಲರು ಕಾಗದ ವಾಪಸ್ ಕೊಡುತ್ತಾರೆ. ಚಿತ್ರಗಳ ಲೋಕದಲ್ಲಿ ಇದಕ್ಕೆ ಪ್ರೊವಿನನ್ಸ್ ಅನ್ನುತ್ತಾರೆ, ಅಂದರೆ ಒಡೆತನದ ಚರಿತ್ರೆ. ವ್ಯತ್ಯಾಸ ಏನು ಅಂದರೆ, ಜಮೀನು ಓಡಿ ಹೋಗುವುದಿಲ್ಲ. ಅದಕ್ಕೆ ಸರ್ವೆ ನಂಬರ್ ಇದೆ, ಸಬ್ ರಿಜಿಸ್ಟ್ರಾರ್ ಕಚೇರಿ ಇದೆ. ರೇಖಾಚಿತ್ರ ಒಂದು ಹಾಳೆ. ಪುಸ್ತಕದ ಮಧ್ಯೆ ಇಟ್ಟುಕೊಂಡು ಗಡಿ ದಾಟಬಹುದು. ನೋಂದಣಿ ಕಚೇರಿ ಇಲ್ಲ. ಎಷ್ಟೋ ಸಲ ಹೆಸರೂ ಇರುವುದಿಲ್ಲ. ಎಣ್ಣೆಬಣ್ಣದ ದೊಡ್ಡ ಚಿತ್ರವಾದರೆ ನೋಡಿದವರು ನೆನಪಿಡುತ್ತಾರೆ, ಅದರ ಫೋಟೊ ಇರುತ್ತದೆ, ಹಿಂದಿನ ಚೌಕಟ್ಟಿನ ಮೇಲೆ ಚೀಟಿಗಳಿರುತ್ತವೆ. ರೇಖಾಚಿತ್ರಗಳು ಕಟ್ಟುಕಟ್ಟಾಗಿ ಮಾರಾಟವಾದವು. ಹಳೆಯ ಹರಾಜು ಕ್ಯಾಟಲಾಗ್‌ಗಳಲ್ಲಿ "ಇಟಲಿಯ ಶೈಲಿ, ಐದು ಹಾಳೆ" ಅನ್ನುವಂಥ ಒಂದೇ ಸಾಲು, ಚಿತ್ರ ಇಲ್ಲ, ಅಳತೆ ಇಲ್ಲ. ಆ ಐದರಲ್ಲಿ ನಿಮ್ಮ ಕೈಯಲ್ಲಿರುವ ಹಾಳೆ ಇತ್ತಾ ಅಂತ ಹೇಗೆ ಹೇಳುವುದು?

ಹಾಗಾಗಿ ಹುಡುಕುವವರು ಮೊದಲು ಹಾಳೆಯನ್ನು ತಿರುವಿ ಹಾಕುತ್ತಾರೆ. ಮುಂದಿನ ಚಿತ್ರ ಕಲಾವಿದನದ್ದು, ಹಿಂಬದಿ ಒಡೆಯರದ್ದು. ಅಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಂಬರ್ ಇರಬಹುದು, ಅಂಗಡಿಯವನ ಗುಟ್ಟಿನ ಬೆಲೆ ಇರಬಹುದು, ಹಳೆಯ ಅಂಟಿನ ಕಲೆ ಇರಬಹುದು. ಎಲ್ಲಕ್ಕಿಂತ ಮುಖ್ಯ ಸಂಗ್ರಾಹಕರ ಮುದ್ರೆ. ಯೂರೋಪಿನಲ್ಲಿ ರೇಖಾಚಿತ್ರ ಕೂಡಿಡುವವರು ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಮುದ್ರೆ ಒತ್ತುತ್ತಿದ್ದರು. ಹದಿನೇಳನೇ ಶತಮಾನದ ನಿಕೊಲಸ್ ಲೇನಿಯರ್‌ದು ಒಂದು ನಕ್ಷತ್ರ. ಚಿತ್ರಕಾರ ಪೀಟರ್ ಲೆಲಿಯದ್ದು ಪಿ ಮತ್ತು ಎಲ್. ಥಾಮಸ್ ಲಾರೆನ್ಸ್‌ದು ಟಿ ಮತ್ತು ಎಲ್, ಅದೂ ಶಾಯಿ ಇಲ್ಲದೆ ಒತ್ತಿದ ಉಬ್ಬು ಮುದ್ರೆ, ಓರೆ ಬೆಳಕಿನಲ್ಲಿ ನೋಡಿದರೆ ಮಾತ್ರ ಕಾಣುವಂಥದ್ದು. ಇಂಥ ಸಾವಿರಾರು ಮುದ್ರೆಗಳನ್ನು ಫ್ರಿಟ್ಸ್ ಲುಗ್ಟ್ ಎಂಬ ಡಚ್ ವಿದ್ವಾಂಸ ಒಂದು ಕೋಶದಲ್ಲಿ ಸೇರಿಸಿ 1921ರಲ್ಲಿ ಪ್ರಕಟಿಸಿದ, 1956ರಲ್ಲಿ ಇನ್ನೊಂದು ಸಂಪುಟ ಸೇರಿಸಿದ. ಪ್ರತಿ ಮುದ್ರೆಗೂ ಒಂದು ನಂಬರ್. ಲೆಲಿಯದ್ದು 2092, ಲಾರೆನ್ಸ್‌ದು 2445. ಇವತ್ತಿಗೂ ಕ್ಯಾಟಲಾಗ್‌ಗಳಲ್ಲಿ ಆ ನಂಬರನ್ನೇ ಬರೆಯುತ್ತಾರೆ. ಈಗ ಅದು ಪ್ಯಾರಿಸ್ಸಿನ ಫೊಂದಾಸಿಯೋಂ ಕುಸ್ಟೋಡಿಯಾ ಸಂಸ್ಥೆಯ ತಾಣದಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಮುದ್ರೆ ಸಿಕ್ಕಿತು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಲೆಲಿಯ ಮುದ್ರೆಯನ್ನು ಲೆಲಿ ಒತ್ತಿದ್ದಲ್ಲ. ಅವನು ತೀರಿಕೊಂಡದ್ದು 1680ರಲ್ಲಿ. ಆಮೇಲೆ ಅವನ ಆಸ್ತಿ ನೋಡಿಕೊಳ್ಳುತ್ತಿದ್ದ ರೋಜರ್ ನಾರ್ತ್, ಸಾಲ ತೀರಿಸಲು ಸಂಗ್ರಹವನ್ನು ಹರಾಜಿಗೆ ಇಡುವ ಮುಂಚೆ ಸಾವಿರಾರು ಹಾಳೆಗಳಿಗೆ ಆ ಮುದ್ರೆ ಒತ್ತಿದ. ಆ ಮುದ್ರೆ "ಇದನ್ನು ಲೆಲಿ ಮೆಚ್ಚಿ ಕೊಂಡ" ಅಂತ ಮಾತ್ರ ಹೇಳುವುದಿಲ್ಲ, "ಇದು ಅವನ ಹರಾಜಿಗೆ ಬಂತು" ಅಂತಲೂ ಹೇಳುತ್ತದೆ. ಇಂಥ ಸಣ್ಣ ವ್ಯತ್ಯಾಸಗಳಲ್ಲೇ ಚರಿತ್ರೆ ಇರುವುದು.

ಮುದ್ರೆಯನ್ನು ಅಳಿಸಬಹುದು, ಕತ್ತರಿಸಿ ಎಸೆಯಬಹುದು. ಅತಿನೇರಳೆ ಬೆಳಕಿನಲ್ಲಿ ಕೆಲವು ಸಲ ಅಳಿಸಿದ್ದು ಮತ್ತೆ ಕಾಣುತ್ತದೆ. ಸುಳ್ಳು ಮುದ್ರೆಯನ್ನೂ ಒತ್ತಬಹುದು. ಎರಿಕ್ ಹೆಬ್ಬೋರ್ನ್ ಎಂಬ ಇಂಗ್ಲಿಷ್ ನಕಲುಗಾರ ಹಳೆಯ ಖಾಲಿ ಹಾಳೆ ಹುಡುಕಿ, ಹಳೆಯ ರೀತಿಯ ಶಾಯಿ ಮಾಡಿ, ಹದಿನೈದನೇ ಶತಮಾನದ ಇಟಲಿಯವರ ಶೈಲಿಯಲ್ಲಿ ಬರೆದು ದೊಡ್ಡ ದೊಡ್ಡ ಸಂಸ್ಥೆಗಳಿಗೆ ತಲುಪಿಸಿದ್ದ. ಅವನು ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? 1978ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಕೊನ್ರಾಡ್ ಓಬರ್‌ಹೂಬರ್ ಅವರು ತಮ್ಮಲ್ಲಿದ್ದ ಒಂದು ಚಿತ್ರವನ್ನೂ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದ್ದ ಇನ್ನೊಂದನ್ನೂ ಹೋಲಿಸಿದರು. ಇಬ್ಬರು ಬೇರೆ ಬೇರೆ ಕಲಾವಿದರು ಅಂತ ಹೆಸರು ಬರೆದಿತ್ತು. ಕಾಗದ ಮಾತ್ರ ಒಂದೇ. ಎರಡೂ ಒಬ್ಬನೇ ವ್ಯಾಪಾರಿಯಿಂದ ಬಂದವು. ಅಲ್ಲಿಂದ ಎಳೆ ಬಿಚ್ಚಿಕೊಂಡಿತು.

ಕಾಗದವೂ ಸಾಕ್ಷಿಯೇ. ಹಳೆಯ ಕಾಗದವನ್ನು ಬೆಳಕಿಗೆ ಹಿಡಿದರೆ ತಯಾರಕರ ವಾಟರ್‌ಮಾರ್ಕ್ ಕಾಣುತ್ತದೆ. ಆ 30 ಡಾಲರ್ ಚಿತ್ರದಲ್ಲಿ ತ್ರಿಶೂಲ ಮತ್ತು ಉಂಗುರದ ವಾಟರ್‌ಮಾರ್ಕ್ ಇತ್ತು. ಡ್ಯೂರರ್‌ನ ಇನ್ನೂರಕ್ಕೂ ಹೆಚ್ಚು ಹಾಳೆಗಳಲ್ಲಿ ಅದೇ ಗುರುತಿದೆ. ಆದರೆ ವಾಟರ್‌ಮಾರ್ಕ್ ಯಾರು ಬರೆದರು ಎಂಬ ಪ್ರಶ್ನೆಗೆ ನೆರವಾಗುತ್ತದೆ, ಯಾರದ್ದು ಎಂಬ ಪ್ರಶ್ನೆಗೆ ಅಲ್ಲ. ಈ ಎರಡು ಪ್ರಶ್ನೆಗಳನ್ನು ಜನ ಸುಮ್ನೆ ಬೆರೆಸಿಬಿಡುತ್ತಾರೆ. ಚಿತ್ರ ನೂರಕ್ಕೆ ನೂರು ಅಸಲಿ ಇರಬಹುದು, ಆದರೂ ಕದ್ದದ್ದಾಗಿರಬಹುದು.

ಇಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಉದಾಹರಣೆ ಹೇಳಲೇಬೇಕು, ನನಗೆ ಬಹಳ ಇಷ್ಟವಾದದ್ದು. ಡಚ್ ಚಿತ್ರಕಾರ ರೆಂಬ್ರಾಂಟ್ ಭಾರತಕ್ಕೆ ಬಂದವನಲ್ಲ. ಆದರೆ ಆಮ್‌ಸ್ಟರ್‌ಡ್ಯಾಮಿಗೆ ಬಂದಿದ್ದ ಮೊಘಲ್ ಕಿರುಚಿತ್ರಗಳನ್ನು ನೋಡಿಕೊಂಡು 1650ರ ದಶಕದ ಕೊನೆಯ ಹೊತ್ತಿಗೆ ಷಾಜಹಾನ್ ಮೊದಲಾದವರನ್ನು ತನ್ನ ರೀತಿಯಲ್ಲಿ ಬರೆದ, ಅದೂ ದುಬಾರಿ ಏಷ್ಯಾದ ಕಾಗದದ ಮೇಲೆ. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇವತ್ತು ಉಳಿದಿವೆ. ಬ್ರಿಟಿಷ್ ಮ್ಯೂಸಿಯಂ, ಗೆಟ್ಟಿ, ಕ್ಲೀವ್‌ಲ್ಯಾಂಡ್, ಮಾರ್ಗನ್, ಹೀಗೆ ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಚದುರಿಹೋಗಿವೆ. ಅವು ಒಂದು ಕಾಲದಲ್ಲಿ ಒಟ್ಟಿಗಿದ್ದವು ಅಂತ ಹೇಗೆ ಗೊತ್ತಾಯಿತು ಅಂದರೆ, 1747ರಲ್ಲಿ ಲಂಡನ್ನಿನಲ್ಲಿ ನಡೆದ ಜೊನಾಥನ್ ರಿಚರ್ಡ್‌ಸನ್ ಸಂಗ್ರಹದ ಹರಾಜಿನ ಪಟ್ಟಿಯಲ್ಲಿ ರೆಂಬ್ರಾಂಟ್ ಬರೆದ ಭಾರತದ ಚಿತ್ರಗಳ ಒಂದು ಪುಸ್ತಕ, 25 ಚಿತ್ರ, ಅಂತ ನಮೂದಾಗಿದೆ. ಹಲವು ಹಾಳೆಗಳ ಮೇಲೆ ರಿಚರ್ಡ್‌ಸನ್ ಮುದ್ರೆಯೂ ಇದೆ. ಒಂದು ಸಾಲಿನ ನಮೂದು, ಒಂದು ಪುಟ್ಟ ಮುದ್ರೆ. ಅಷ್ಟರಿಂದ ನಾಲ್ಕು ಊರುಗಳ ಹಾಳೆಗಳು ಮತ್ತೆ ಒಂದೇ ಪುಸ್ತಕವಾದವು. ರೆಂಬ್ರಾಂಟ್ ಸತ್ತದ್ದು 1669ರಲ್ಲಿ. ಅಲ್ಲಿಂದ ರಿಚರ್ಡ್‌ಸನ್ ಕೈಗೆ ಬರುವ ತನಕದ ಕಥೆ ಸರಿಯಾಗಿ ಇಲ್ಲ. ಅದೂ ಖಾಲಿಯೇ. ಆದರೆ ಆ ಖಾಲಿಯ ಹಿಂದೆ ಯಾರ ಮನೆಗೂ ಪೊಲೀಸರು ನುಗ್ಗಿದ ಕಥೆ ಇಲ್ಲ.

ನುಗ್ಗಿದ ಕಥೆ ಈಗ ಹೇಳುತ್ತೇನೆ.

ಈಗಿನ ಚೆಕ್ ದೇಶದ ಬ್ರ್ನೊ ಊರಿನಲ್ಲಿ ಆರ್ಥರ್ ಫೆಲ್ಡ್‌ಮಾನ್ ಎಂಬ ಯಹೂದಿ ವಕೀಲರಿದ್ದರು. ಹಳೆಯ ರೇಖಾಚಿತ್ರಗಳೆಂದರೆ ಅವರಿಗೆ ಪ್ರಾಣ. ಸುಮಾರು 750 ಹಾಳೆ ಕೂಡಿಸಿದ್ದರು. 1934ರಲ್ಲಿ ಅದರ ಒಂದು ಭಾಗವನ್ನು ಸ್ವಿಟ್ಜರ್‌ಲ್ಯಾಂಡಿನ ಲೂಸರ್ನ್‌ನಲ್ಲಿ ಹರಾಜಿಗೆ ಇಟ್ಟರು. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಚೆಕ್ ನಾಡಿನೊಳಗೆ ಬಂತು. ಆಗ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಅವರ ಮನೆಯನ್ನು ವಶ ಮಾಡಿಕೊಂಡಿತು, ಸಂಗ್ರಹವೂ ಹೋಯಿತು. ಮುಂದೆ ಫೆಲ್ಡ್‌ಮಾನ್‌ರನ್ನು ಸೆರೆಗೆ ಹಾಕಿ ಹಿಂಸಿಸಿದರು. ಅವರು 1941ರಲ್ಲಿ ತೀರಿಕೊಂಡರು. ಹೆಂಡತಿ ಗಿಸೆಲಾ ನಾಜಿಗಳ ಆಷ್‌ವಿಟ್ಜ್ ಶಿಬಿರದಲ್ಲಿ ಸತ್ತರು.

ಯುದ್ಧ ಮುಗಿಯಿತು. 1946ರ ಅಕ್ಟೋಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಮೂರು ರೇಖಾಚಿತ್ರ ಕೊಂಡಿತು. ಮೂರಕ್ಕೂ ಸೇರಿ ಒಂಬತ್ತು ಗಿನಿ, ಅಂದರೆ ಒಂಬತ್ತು ಪೌಂಡ್ ಒಂಬತ್ತು ಶಿಲ್ಲಿಂಗ್. ನಾಲ್ಕನೆಯದು 1949ರಲ್ಲಿ ಒಬ್ಬ ವಿದ್ವಾಂಸರ ಉಯಿಲಿನ ಮೂಲಕ ಬಂತು. ನಿಕೊಲೊ ಡೆಲ್ ಅಬ್ಬಾಟೆಯ ಪವಿತ್ರ ಕುಟುಂಬ, ನಿಕೊಲಸ್ ಬ್ಲೇಕಿಯ ಒಂದು ರೂಪಕ ಚಿತ್ರ, ಮಾರ್ಟಿನ್ ಯೊಹಾನ್ ಷ್ಮಿಟ್‌ನ ಮೇರಿ ಮತ್ತು ಮಗು, ಶೋನ್‌ಗಾವರ್ ಅನುಯಾಯಿಯೊಬ್ಬನ ಸಂತ ಡೊರೊಥಿ. ಎಲ್ಲವೂ ಫೆಲ್ಡ್‌ಮಾನ್ ಮನೆಯವು.

ಒಂಬತ್ತು ಗಿನಿ ಅನ್ನುವುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಬೆಲೆ ಇಷ್ಟು ಕಡಿಮೆ ಇದ್ದಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಚಿತ್ರಕ್ಕೆ ಹತ್ತು ಜನ ವಿಚಾರಿಸುತ್ತಾರೆ. ಒಂಬತ್ತು ಗಿನಿಯ ಹಾಳೆಗೆ ಯಾರು ವಿಚಾರಿಸುತ್ತಾರೆ? ಮ್ಯೂಸಿಯಮ್ಮಿನವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು ಬಹಿರಂಗ ಹರಾಜಿನಲ್ಲಿ, ನಂಬಿಕೆಯಿಂದಲೇ ಕೊಂಡರು. ಆದರೆ 1946 ಎನ್ನುವ ವರ್ಷವನ್ನು ನೋಡಿ. ಯುದ್ಧ ಮುಗಿದು ಒಂದು ವರ್ಷವಷ್ಟೇ. ಆ ಹೊತ್ತಿಗೆ ಮಧ್ಯ ಯೂರೋಪಿನಿಂದ ಲಂಡನ್ನಿಗೆ ಬಂದ ಹಾಳೆಗಳ ಬಗ್ಗೆ "ಇದು 1938ರಲ್ಲಿ ಯಾರ ಹತ್ತಿರ ಇತ್ತು" ಅಂತ ಒಂದು ಪ್ರಶ್ನೆ ಸಾಕಿತ್ತು.

ಇಂಥ ಹಾಳೆಯ ಚರಿತ್ರೆ ಹುಡುಕುವಾಗ ಎಡವುವುದು ಎಲ್ಲಿ ಅನ್ನುವುದಕ್ಕೂ ಫೆಲ್ಡ್‌ಮಾನ್ ಸಂಗ್ರಹ ಒಳ್ಳೆಯ ಪಾಠ. ಒಂದು ಹಾಳೆ ಫೆಲ್ಡ್‌ಮಾನ್‌ದು ಅಂತ ಖಚಿತವಾಯಿತು ಅಂದುಕೊಳ್ಳಿ. ಅಷ್ಟಕ್ಕೇ ಅದು ಲೂಟಿಯ ಮಾಲು ಅನ್ನಲಾಗದು. 1934ರ ಹರಾಜಿನಲ್ಲಿ ಮಾರಾಟವಾಗಿದ್ದರೆ ಅವರೇ ಮಾರಿ ದುಡ್ಡು ಪಡೆದದ್ದು. ಸರಿ, ಆ ಹರಾಜಿನ ಕ್ಯಾಟಲಾಗ್‌ನಲ್ಲಿ ಇದೆ ಅಂತ ಗೊತ್ತಾಯಿತು. ಅಷ್ಟಕ್ಕೇ ಮಾರಾಟವಾಯಿತು ಅಂತಲೂ ಅಲ್ಲ. ಕ್ಯಾಟಲಾಗ್ ಅಚ್ಚಾಗುವುದು ಹರಾಜಿಗೆ ಮುಂಚೆ. ಯಾರೂ ಕೂಗದೆ ಉಳಿದದ್ದು ಒಡೆಯನ ಮನೆಗೇ ವಾಪಸ್ ಹೋಗುತ್ತದೆ, ಅಲ್ವಾ? ಹಾಗಾಗಿ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬೆಲೆ, ಕೊಂಡವರ ಹೆಸರು ಬರೆದಿಟ್ಟ ಕ್ಯಾಟಲಾಗ್ ಪ್ರತಿ ಸಿಕ್ಕರೆ ಅದು ಚಿನ್ನ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಆ ಕಾಲದ ಸಾವಿರಾರು ಹರಾಜು ಕ್ಯಾಟಲಾಗ್‌ಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಗೆಟ್ಟಿ ಸಂಸ್ಥೆ ಅವುಗಳ ನಮೂದುಗಳನ್ನು ಹುಡುಕುವ ಹಾಗೆ ಮಾಡಿದೆ. ಇಪ್ಪತ್ತು ವರ್ಷದ ಹಿಂದೆ ನಾಲ್ಕು ದೇಶ ಸುತ್ತಬೇಕಿದ್ದ ಕೆಲಸದಲ್ಲಿ ಅರ್ಧವನ್ನು ಈಗ ಮನೆಯಲ್ಲೇ ಕೂತು ಮಾಡಬಹುದು. ಉಳಿದರ್ಧಕ್ಕೆ ಇವತ್ತಿಗೂ ದಫ್ತರಗಳ ಧೂಳು ಕುಡಿಯಲೇಬೇಕು.

ಫೆಲ್ಡ್‌ಮಾನ್ ವಾರಸುದಾರರು ಸುಮ್ಮನೆ ಕೂರಲಿಲ್ಲ. 2003ರಲ್ಲಿ ಬ್ರ್ನೊದ ಮೊರಾವಿಯನ್ ಗ್ಯಾಲರಿ ತನ್ನಲ್ಲಿದ್ದ 135 ರೇಖಾಚಿತ್ರಗಳನ್ನು ವಾಪಸ್ ಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂ ವಿಷಯ ಮಾತ್ರ ಗಂಟಾಯಿತು. ಕುಟುಂಬ ಕೇಳಿತು. ಮ್ಯೂಸಿಯಂ ಇವು ಲೂಟಿಯಾದವು ಎನ್ನುವುದನ್ನು ಒಪ್ಪಿತು, ಕೊಡಲು ಮನಸ್ಸಿದೆ ಅಂತಲೂ ಹೇಳಿತು. ಆದರೆ 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆ ಪ್ರಕಾರ ಸಂಗ್ರಹದ ವಸ್ತುವನ್ನು, ಕೆಲವು ಸಣ್ಣ ವಿನಾಯಿತಿ ಬಿಟ್ಟರೆ, ಹೊರಗೆ ಕೊಡುವ ಹಾಗಿಲ್ಲ. ನೈತಿಕ ಹೊಣೆಯ ಹೆಸರಿನಲ್ಲಿ ಕೊಡಬಹುದಾ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಯಿತು. 2005ರ ಮೇ ತಿಂಗಳಲ್ಲಿ ನ್ಯಾಯಾಧೀಶ ಆಂಡ್ರ್ಯೂ ಮೊರಿಟ್ ತೀರ್ಪು ಕೊಟ್ಟರು: ಆಗುವುದಿಲ್ಲ. ನೈತಿಕ ಹೊಣೆ ಎಷ್ಟೇ ದೊಡ್ಡದಿರಲಿ, ಅದು ಕಾಯ್ದೆಯ ನಿಷೇಧವನ್ನು ಮೀರಲಾಗದು. ಬೇಕಿದ್ದರೆ ಸಂಸತ್ತು ಕಾನೂನು ಬದಲಿಸಬೇಕು.

ಆ ಪ್ರಶ್ನೆಯ ಹಿಂದೆ ಇದೇ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಪಾರ್ಥೆನಾನ್ ಶಿಲ್ಪಗಳ ನೆರಳಿತ್ತು. ಗ್ರೀಸ್ ದೇಶ ಬಹಳ ಕಾಲದಿಂದ ಆ ಶಿಲ್ಪಗಳನ್ನು ಕೇಳುತ್ತಲೇ ಇದೆ. ನೈತಿಕ ಕಾರಣಕ್ಕೆ ನಾಲ್ಕು ಹಾಳೆ ಕೊಟ್ಟರೆ ಮುಂದೆ ಯಾರು ಏನು ಕೇಳುತ್ತಾರೋ ಎಂಬ ಆತಂಕ ಎಲ್ಲರ ತಲೆಯಲ್ಲಿತ್ತು. ನನಗೆ ಇದು ಸರಿ ಅನ್ನಿಸುವುದಿಲ್ಲ. ಮನೆಗೆ ನುಗ್ಗಿ ಕಿತ್ತುಕೊಂಡದ್ದು, ಮಾಲೀಕನ ಹೆಸರು ಗೊತ್ತಿರುವುದು, ಮೊಮ್ಮಗ ಎದುರಿಗೆ ನಿಂತಿರುವುದು. ಇಂಥ ಸ್ಪಷ್ಟ ಪ್ರಕರಣವನ್ನು ಇನ್ನೊಂದು ದೊಡ್ಡ ಜಗಳದ ಭಯಕ್ಕೆ ತಡೆಹಿಡಿಯುವುದು ಆ ಕುಟುಂಬಕ್ಕೆ ಮಾಡಿದ ಎರಡನೇ ಅನ್ಯಾಯ.

2006ರಲ್ಲಿ ಇಂಥ ಅರ್ಜಿಗಳಿಗೆಂದೇ ಇರುವ ಸರ್ಕಾರಿ ಸಲಹಾ ಸಮಿತಿ ಒಂದು ದಾರಿ ಹುಡುಕಿತು. ಚಿತ್ರಗಳು ಮ್ಯೂಸಿಯಮ್ಮಿನಲ್ಲೇ ಇರಲಿ, ಕುಟುಂಬಕ್ಕೆ 1,75,000 ಪೌಂಡ್ ಕೊಡಿ ಅಂದಿತು. ಕಾನೂನಿನ ಲೆಕ್ಕದಲ್ಲಿ ಹಕ್ಕು ಕೇಳುವ ಅವಧಿ ಎಂದೋ ಮುಗಿದಿತ್ತು. ಯುದ್ಧದ ಸುತ್ತಿನ ವರ್ಷಗಳಲ್ಲಿ ಮನೆ ಮಂದಿಯನ್ನೇ ಕಳೆದುಕೊಂಡವರು ಲಂಡನ್ನಿನ ಒಂದು ಡ್ರಾಯರ್‌ನಲ್ಲಿ ತಮ್ಮ ಹಾಳೆ ಇದೆ ಅಂತ ಆರು ವರ್ಷದೊಳಗೆ ಕಂಡುಕೊಂಡು ದಾವೆ ಹಾಕಬೇಕಿತ್ತು ಅಂತ ನಿರೀಕ್ಷಿಸುವ ಕಾನೂನು ಅದು. ಕೊನೆಗೆ ಬ್ರಿಟನ್ 2009ರಲ್ಲಿ ಹೊಸ ಕಾಯ್ದೆ ತಂದಿತು. ನಾಜಿ ಕಾಲದಲ್ಲಿ ಕಳೆದುಹೋದ ವಸ್ತುಗಳನ್ನು, ಆ ಸಮಿತಿ ಶಿಫಾರಸು ಮಾಡಿ ಮಂತ್ರಿ ಒಪ್ಪಿದರೆ, ರಾಷ್ಟ್ರೀಯ ಮ್ಯೂಸಿಯಂಗಳು ವಾಪಸ್ ಕೊಡಬಹುದು. ಅದಕ್ಕೆ ಹತ್ತು ವರ್ಷದ ಗಡುವು ಇಟ್ಟಿದ್ದರು, 2019ರಲ್ಲಿ ಗಡುವನ್ನು ತೆಗೆದುಹಾಕಿದರು.

ಇಲ್ಲಿಯ ತನಕ ಕೇಳಿದವರು, ಹಾಗಾದರೆ ಚರಿತ್ರೆಯ ಸರಪಳಿ ಪೂರ್ತಿ ಗೊತ್ತಿದ್ದರೆ ಸಮಸ್ಯೆ ಇಲ್ಲ ಅಂದುಕೊಳ್ಳಬಹುದು. ಹಾಗೂ ಅಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಡ್ಯೂರರ್‌ನ 1493ರ ಒಂದು ಹಾಳೆ ಇದೆ. ಮುಂದೆ ಇಪ್ಪತ್ತೆರಡರ ಹರೆಯದ ಅವನದೇ ಮುಖ, ಒಂದು ಕೈ, ಒಂದು ದಿಂಬು. ತಿರುವಿದರೆ ಹಿಂದೆ ಆರು ದಿಂಬುಗಳು, ಒಂದೊಂದೂ ಒಂದೊಂದು ಥರ ಮುದುಡಿಕೊಂಡವು. ಎಷ್ಟು ನೋಡಿದರೂ ಸಾಲದು. ಇದು ಲುಬೊಮಿರ್ಸ್ಕಿ ಎಂಬ ಪೋಲಿಷ್ ರಾಜಮನೆತನದ ಸಂಗ್ರಹದಿಂದ ಬಂದದ್ದು. ಆ ಮನೆತನ ಡ್ಯೂರರ್‌ನ ರೇಖಾಚಿತ್ರಗಳ ಒಂದು ಕಟ್ಟನ್ನು, ಎರಡು ಡಜನ್‌ಗೂ ಜಾಸ್ತಿ ಹಾಳೆ, ಇವತ್ತಿನ ಉಕ್ರೇನಿನ ಲ್ವಿವ್ ಊರಿನ ಒಸೊಲಿನಿಯಂ ಎಂಬ ಸಂಸ್ಥೆಗೆ ಕೊಟ್ಟಿತ್ತು. ಆಗ ಆ ಊರು ಆಸ್ಟ್ರಿಯಾ ಸಾಮ್ರಾಜ್ಯದ್ದು, ಆಮೇಲೆ ಪೋಲೆಂಡಿನದು. 1939ರಲ್ಲಿ ಸೋವಿಯತ್ ಸೇನೆ ಬಂತು, ಎಲ್ಲವೂ ಸರ್ಕಾರದ್ದು ಅಂತಾಯಿತು. 1941ರ ಬೇಸಿಗೆಯಲ್ಲಿ ಜರ್ಮನರು ಬಂದರು. ಬಂದ ಕೆಲವೇ ದಿನಗಳಲ್ಲಿ ಕಾಯೆಟಾನ್ ಮ್ಯೂಲ್‌ಮಾನ್ ಎಂಬ ನಾಜಿ ಅಧಿಕಾರಿ ಡ್ಯೂರರ್ ಹಾಳೆಗಳನ್ನು ಎತ್ತಿಕೊಂಡು ನಾಜಿ ನಾಯಕ ಗೋರಿಂಗ್‌ಗೆ ತಲುಪಿಸಿದ. ಗೋರಿಂಗ್ ಅವನ್ನು ಹಿಟ್ಲರನಿಗೆ ಕೊಟ್ಟ. ಹಿಟ್ಲರ್ ತನ್ನ ಜೊತೆಯಲ್ಲೇ ಇಟ್ಟುಕೊಂಡ. ಯುದ್ಧದ ಕೊನೆಯಲ್ಲಿ ಆಸ್ಟ್ರಿಯಾದ ಆಲ್ಟ್ ಆಸ್ಸೆ ಉಪ್ಪಿನ ಗಣಿಯಲ್ಲಿ ಅಮೆರಿಕನ್ನರಿಗೆ ಅವು ಸಿಕ್ಕವು.

ನೋಡಿ, ಇಲ್ಲಿ ಒಂದು ಕೊಂಡಿಯೂ ಖಾಲಿ ಇಲ್ಲ. ಯಾರು ಕಿತ್ತುಕೊಂಡರು, ಯಾವಾಗ, ಎಲ್ಲಿ ಬಚ್ಚಿಟ್ಟರು, ಎಲ್ಲ ದಾಖಲಾಗಿದೆ. ಪ್ರಶ್ನೆ ಉಳಿದದ್ದು ಒಂದೇ: ಯಾರಿಗೆ ವಾಪಸ್? ಲ್ವಿವ್ ಆ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿತ್ತು. ಹಳೆಯ ಸಂಸ್ಥೆ ಯುದ್ಧದ ನಂತರ ಪೋಲೆಂಡಿನ ವ್ರೊಟ್ಸ್‌ವಾಫ್‌ಗೆ ಹೋಗಿತ್ತು. ರಾಜಮನೆತನದ ಗೆಯೋರ್ಗ್ ಲುಬೊಮಿರ್ಸ್ಕಿ ಪಶ್ಚಿಮದಲ್ಲಿದ್ದ, ಇವು ನಮ್ಮ ಕುಟುಂಬದವು ಅಂದ. ಶೀತಲ ಸಮರ ಶುರುವಾಗಿತ್ತು. 1950ರಲ್ಲಿ ಅಮೆರಿಕ ಅವನ್ನು ಅವನ ಕೈಗೆ ಕೊಟ್ಟಿತು. ಅವನು ಮಾರಿದ. ಇವತ್ತು ಅವು ನ್ಯೂಯಾರ್ಕ್, ಬಾಸ್ಟನ್, ಕ್ಲೀವ್‌ಲ್ಯಾಂಡ್, ಷಿಕಾಗೊ, ಒಟ್ಟಾವಾ, ಲಂಡನ್, ರಾಟರ್‌ಡ್ಯಾಮ್ ಹೀಗೆ ಎಲ್ಲೆಲ್ಲೋ ಇವೆ. ಲ್ವಿವ್‌ನ ಗ್ರಂಥಾಲಯವೂ ಪೋಲೆಂಡಿನ ಸಂಸ್ಥೆಯೂ ಇವು ನಮಗೆ ಸೇರಬೇಕು ಅಂತ ಬಹಳ ಹಿಂದೆಯೇ ದನಿ ಎತ್ತಿವೆ. ಮೂರೂ ಕಡೆಯ ವಾದದಲ್ಲಿ ಒಂದಿಷ್ಟು ನ್ಯಾಯ ಇದೆ ಅಂತ ನನಗನ್ನಿಸುತ್ತದೆ. ಹಾಗಾಗಿಯೇ ಇದು ಬಗೆಹರಿದಿಲ್ಲ. ಒಡೆತನದ ಚರಿತ್ರೆ ಏನಾಯಿತು ಅಂತ ಹೇಳುತ್ತದೆ. ಯಾರಿಗೆ ಸೇರಬೇಕು ಅಂತ ಅದೊಂದೇ ಹೇಳಲಾರದು.

ಇದೆಲ್ಲ ಹಳೆಯ ಕಥೆ ಅಲ್ಲ. 1998ರಲ್ಲಿ 44 ದೇಶಗಳು ವಾಷಿಂಗ್ಟನ್ನಿನಲ್ಲಿ ಸೇರಿ, ನಾಜಿ ಲೂಟಿಯ ಕಲಾಕೃತಿಗಳನ್ನು ಗುರುತಿಸಿ ನ್ಯಾಯವಾದ ಪರಿಹಾರ ಹುಡುಕುತ್ತೇವೆ ಅಂತ ಒಪ್ಪಿದವು. ಕಾನೂನಿನ ಬಲ ಇಲ್ಲದ ಒಪ್ಪಂದ ಅದು. ಆದರೂ ಬಹಳ ಮ್ಯೂಸಿಯಂಗಳು ತಮ್ಮ ಕಪಾಟು ತೆರೆದದ್ದು ಅದರ ಆಮೇಲೆಯೇ. ಫ್ರಾನ್ಸ್ 2023ರಲ್ಲಿ, ಪ್ರತಿ ಚಿತ್ರಕ್ಕೂ ಒಂದೊಂದು ಕಾಯ್ದೆ ಮಾಡದೆಯೇ ಸರ್ಕಾರಿ ಸಂಗ್ರಹದಿಂದ ವಾಪಸ್ ಕೊಡುವ ಹಾಗೆ ಕಾನೂನು ಬದಲಿಸಿತು.

ನ್ಯೂಯಾರ್ಕಿನಲ್ಲಂತೂ ಇದು ಕ್ರಿಮಿನಲ್ ತನಿಖೆಯ ಹಂತಕ್ಕೆ ಹೋಗಿದೆ. ವಿಯೆನ್ನಾದ ಯಹೂದಿ ಹಾಸ್ಯ ಕಲಾವಿದ ಫ್ರಿಟ್ಸ್ ಗ್ರ್ಯೂನ್‌ಬಾಮ್ ಅವರ ಸಂಗ್ರಹದಲ್ಲಿ ಆಸ್ಟ್ರಿಯಾದ ಚಿತ್ರಕಾರ ಎಗಾನ್ ಷೀಲೆಯ 81 ಕೃತಿಗಳಿದ್ದವು. ಇವು ಇಪ್ಪತ್ತನೇ ಶತಮಾನದವು, ಡ್ಯೂರರ್ ಕಾಲದವಲ್ಲ. ಆದರೆ ಹಾಳೆಗಳ ಸಮಸ್ಯೆ ಒಂದೇ. 1938ರಲ್ಲಿ ನಾಜಿಗಳು ಮಾಡಿಸಿದ ಪಟ್ಟಿಯಲ್ಲಿ ಷೀಲೆಯ ಹಾಳೆಗಳಿಗೆ ಬಿಡಿ ಬಿಡಿ ಹೆಸರಿಲ್ಲ, ಎಣಿಕೆ ಮಾತ್ರ. ಗ್ರ್ಯೂನ್‌ಬಾಮ್ 1941ರಲ್ಲಿ ಡಾಖಾವ್ ಶಿಬಿರದಲ್ಲಿ ಸತ್ತರು. 1956ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬರ್ನ್ ಊರಿನಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಹಲವು ಹಾಳೆಗಳು ಕಾಣಿಸಿಕೊಂಡವು. ಗ್ರ್ಯೂನ್‌ಬಾಮ್ ನಾದಿನಿ ಮಾರಿದರು ಅಂತ ಆ ವ್ಯಾಪಾರಿ ಎಷ್ಟೋ ದಶಕ ಕಳೆದ ಮೇಲೆ ಹೇಳಿದರು. ನಂಬಬೇಕಾ ಬೇಡವಾ ಎಂಬುದೇ ಇಡೀ ಜಗಳ. ನಾದಿನಿ ಮಾರಿದ್ದೇ ನಿಜ ಅಂತಿಟ್ಟುಕೊಂಡರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಮಾರುವ ಹಕ್ಕು ಅವರಿಗೆ ಎಲ್ಲಿಂದ ಬಂತು? ಸೈಟ್ ವ್ಯವಹಾರ ಮಾಡಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. 2023ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾ, ಮಾರ್ಗನ್ ಸೇರಿ ಹಲವರಿಂದ ಏಳು ಚಿತ್ರಗಳು ವಾರಸುದಾರರಿಗೆ ಬಂದವು. ಷಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್ ಮಾತ್ರ ತನ್ನಲ್ಲಿದ್ದ ರಷ್ಯನ್ ಯುದ್ಧಕೈದಿಯ ಚಿತ್ರವನ್ನು ಬಿಡಲಿಲ್ಲ. 2025ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಅದನ್ನೂ ವಾಪಸ್ ಕೊಡಬೇಕು ಅಂತ ಆದೇಶಿಸಿತು.

ಹಾಗಾದರೆ ಇವತ್ತು ಒಂದು ಹಳೆಯ ರೇಖಾಚಿತ್ರ ಹರಾಜಿಗೆ ಬಂದರೆ ಹೇಗೆ ಓದಬೇಕು? ಕ್ಯಾಟಲಾಗ್‌ನಲ್ಲಿ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಡೆಯರ ಪಟ್ಟಿ ಇರುತ್ತದೆ. ನಾನು ಅದನ್ನೇ ಮೊದಲು ಓದುತ್ತೇನೆ. ಹದಿನೆಂಟನೇ ಶತಮಾನದ ದೊಡ್ಡ ದೊಡ್ಡ ಹೆಸರುಗಳು ಸಾಲಾಗಿ ಇದ್ದು, ಆಮೇಲೆ ಥಟ್ಟನೆ "ಖಾಸಗಿ ಸಂಗ್ರಹ, ಸ್ವಿಟ್ಜರ್‌ಲ್ಯಾಂಡ್" ಅಂತ ಇದ್ದರೆ ಅಲ್ಲಿ ನಿಲ್ಲಬೇಕು. ಯಾವ ವರ್ಷದಿಂದ? ಯಾರಿಂದ? "1950ಕ್ಕೆ ಮುಂಚೆ ಕುಟುಂಬ ಪಡೆದದ್ದು" ಅಂತ ಬರೆದಿದ್ದರೆ, 1950ಕ್ಕೆ ಮುಂಚೆ ಅಂದರೆ 1920 ಕೂಡ ಆಗಬಹುದು, 1942 ಕೂಡ ಆಗಬಹುದು. ಕಳುವಾದ ವಸ್ತುಗಳ ದತ್ತಾಂಶದಲ್ಲಿ ಹುಡುಕಿದೆವು, ಸಿಗಲಿಲ್ಲ ಅಂತ ಪ್ರಮಾಣಪತ್ರ ತೋರಿಸುತ್ತಾರೆ. ಅದರ ಅರ್ಥ ಯಾರೂ ದೂರು ಕೊಟ್ಟಿಲ್ಲ ಅಂತ ಅಷ್ಟೇ. ದೂರು ಕೊಡಬೇಕಾದವರೇ ಉಳಿಯಲಿಲ್ಲ ಎನ್ನುವ ಸಾಧ್ಯತೆ ಆ ಕಾಗದದಲ್ಲಿ ಕಾಣುವುದಿಲ್ಲ.

ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತ ನೇರವಾಗಿ, ವರ್ಷ ಹಾಕಿ ಬರೆಯುವ ಮ್ಯೂಸಿಯಂಗಳ ಮೇಲೆ ನನಗೆ ಗೌರವ ಜಾಸ್ತಿ. ಮೆಟ್ರೊಪಾಲಿಟನ್ ಆ ದಿಂಬುಗಳ ಹಾಳೆಯ ಕೆಳಗೆ ಲುಬೊಮಿರ್ಸ್ಕಿ ಹೆಸರನ್ನು ಬಚ್ಚಿಟ್ಟಿಲ್ಲ. ಹಾಗೆ ಬಹಿರಂಗವಾಗಿ ಬರೆದಾಗಲೇ ಎಲ್ಲೋ ಕೂತ ಒಬ್ಬ ಮೊಮ್ಮಗಳಿಗೆ, ಅಜ್ಜಿ ಹೇಳುತ್ತಿದ್ದ ಚಿತ್ರ ಇದೇ ಇರಬಹುದಾ ಅಂತ ಹೊಳೆಯುವುದು. ಎಷ್ಟೇ ಮುದ್ರೆ, ವಾಟರ್‌ಮಾರ್ಕ್ ಓದಿದರೂ ಒಂದು ಕುಟುಂಬದ ಹಳೆಯ ಪತ್ರವೋ, ಗೋಡೆಯ ಮೇಲೆ ಚಿತ್ರ ನೇತುಹಾಕಿದ್ದ ಕೋಣೆಯ ಫೋಟೊವೋ ಸಿಗದೆ ಎಷ್ಟೋ ಸರಪಳಿ ಕೂಡುವುದೇ ಇಲ್ಲ.

ಫೆಲ್ಡ್‌ಮಾನ್ ಮನೆಯ ಲೆಕ್ಕವೂ ಪೂರ್ತಿಯಾಗಿಲ್ಲ. ಸುಮಾರು 750ರಲ್ಲಿ 1934ರಲ್ಲಿ ಮಾರಿದ್ದನ್ನು ಕಳೆಯಿರಿ, ಬ್ರ್ನೊದಲ್ಲಿ ಸಿಕ್ಕ 135, ಲಂಡನ್ನಿನ ನಾಲ್ಕು, ಅಲ್ಲಲ್ಲಿ ಸಿಕ್ಕ ಇನ್ನು ಕೆಲವು, ಇವನ್ನೂ ಕಳೆಯಿರಿ. ಆಮೇಲೂ ಎಷ್ಟೋ ಹಾಳೆಗಳು ಉಳಿಯುತ್ತವೆ. ಕಾಗದ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಯಾರದೋ ಡ್ರಾಯರ್‌ನಲ್ಲಿ, ಯಾರದೋ ಗೋಡೆಯ ಮೇಲೆ, ಹಿಂಬದಿ ನೋಡದೆ ಕಟ್ಟು ಹಾಕಿಸಿದ ಗಾಜಿನ ಒಳಗೆ ಅವು ಇವತ್ತಿಗೂ ಇರಬಹುದು.